ಡಿಗ್ರಿಯ ನಡುವೆ ಕೆನಡಾ ಬಿಟ್ಟು ಅಮೆರಿಕಕ್ಕೆ ಹೋಗಬೇಕೆನ್ನುವವರಿಗೆ

ಪ್ರತಿ ವರ್ಷ ಜನವರಿ ಬಂತೆಂದರೆ ಕೆನಡಾದಲ್ಲಿ ಪದವಿಯ ಮೊದಲ ಅಥವಾ ಎರಡನೇ ವರ್ಷದಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳಿಂದ ನನಗೆ ಫೋನ್ ಕರೆಗಳು ಶುರುವಾಗುತ್ತವೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಮುಂದಿನ ಶೈಕ್ಷಣಿಕ ವರ್ಷದ ಟ್ರಾನ್ಸ್‌ಫರ್ ಅರ್ಜಿಗೆ ಮಾರ್ಚ್ ಆಸುಪಾಸಿನಲ್ಲಿ ಕೊನೆಯ ದಿನವಿರುವುದೇ ಇದಕ್ಕೆ ಕಾರಣ. ನಾನು ಕನ್ಸಲ್ಟೆಂಟ್ ಅಲ್ಲ. ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಬಹಳ ಕಾಲದಿಂದ ನೆಲೆಸಿರುವುದರಿಂದ ಇಂತಹ ಅರ್ಜಿಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂದು ಬೀಳುತ್ತವೆ, ಅಷ್ಟೇ. ಅವನ್ನೆಲ್ಲ ನೋಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಭಾರತದ ಪಾಸ್‌ಪೋರ್ಟ್ ಇರುವ ವಿದ್ಯಾರ್ಥಿ ಕೆನಡಾದ ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಅಮೆರಿಕಕ್ಕೆ ಹೋಗುವುದು ಹೆಚ್ಚಿನ ಸಂದರ್ಭಗಳಲ್ಲಿ ನಷ್ಟದ ವ್ಯವಹಾರ. ಅಮೆರಿಕಕ್ಕೇ ಹೋಗಬೇಕೆಂಬ ಆಸೆ ಇದ್ದರೆ ಇಲ್ಲಿ ಡಿಗ್ರಿ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದು ಮೇಲು.

ಎಲ್ಲರೂ ಮೊದಲು ಕೇಳುವುದು ಎಷ್ಟು ಕ್ರೆಡಿಟ್, ಅಂದರೆ ಮುಗಿಸಿದ ಕೋರ್ಸುಗಳ ಲೆಕ್ಕ, ವರ್ಗಾವಣೆಯಾಗುತ್ತದೆ ಎಂದು. ಲೆಕ್ಕದ ಮಟ್ಟಿಗೆ ಇದರಲ್ಲಿ ದೊಡ್ಡ ಗೋಜಲಿಲ್ಲ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಡಿಗ್ರಿಗೆ 20 ಕ್ರೆಡಿಟ್, ಒಂದು ಟರ್ಮಿನ ಕೋರ್ಸಿಗೆ ಅರ್ಧ ಕ್ರೆಡಿಟ್. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲೂ ಸಾಮಾನ್ಯವಾಗಿ 120. ಅಮೆರಿಕದಲ್ಲಿ ಸೆಮಿಸ್ಟರ್ ಪದ್ಧತಿಯಾದರೆ 120, ಕ್ವಾರ್ಟರ್ ಪದ್ಧತಿಯಾದರೆ 180. ಇಲ್ಲಿ ಒಂದು ವರ್ಷದಲ್ಲಿ ಹತ್ತು ಕೋರ್ಸ್ ಮುಗಿಸಿದವನಿಗೆ ಅಲ್ಲಿ ಹೆಚ್ಚುಕಡಿಮೆ 30 ಕ್ರೆಡಿಟ್ ಎಂದು ಇಟ್ಟುಕೊಳ್ಳಬಹುದು. ತೊಡಕು ಇರುವುದು ಆ ಕ್ರೆಡಿಟ್‌ಗಳು ಯಾವ ಖಾನೆಗೆ ಹೋಗಿ ಕೂರುತ್ತವೆ ಎಂಬಲ್ಲಿ.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಒಂಟಾರಿಯೊದಲ್ಲಿ ಅರ್ಥಶಾಸ್ತ್ರದ ಎರಡನೇ ವರ್ಷದಲ್ಲಿದ್ದಾಗ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಳು; ಅವಳ ಸೋದರಮಾವ ಡಲ್ಲಾಸ್‌ನಲ್ಲಿದ್ದಾರೆ. ಸೀಟು ಸಿಕ್ಕಿತು, ಕ್ರೆಡಿಟ್ ಮೌಲ್ಯಮಾಪನದ ಹಾಳೆಯೂ ಬಂತು. "ಮಾಮ, ಎಲ್ಲ ಕೋರ್ಸೂ ತಗೊಂಡಿದ್ದಾರೆ, ಒಂದೂ ಬಿಟ್ಟಿಲ್ಲ" ಎಂದು ಖುಷಿಯಿಂದಲೇ ತೋರಿಸಿದಳು. ಎಡಗಡೆ ಇಲ್ಲಿನ ಕೋರ್ಸಿನ ಹೆಸರು, ಬಲಗಡೆ ಅಲ್ಲಿನ ಸರಿಸಮಾನ ಕೋರ್ಸಿನ ಸಂಖ್ಯೆ. ಕ್ಯಾಲ್ಕುಲಸ್ ಮತ್ತು ಸೂಕ್ಷ್ಮ ಅರ್ಥಶಾಸ್ತ್ರದ ಎದುರು ಸರಿಯಾದ ಸಂಖ್ಯೆ ಇತ್ತು. ಸಂಖ್ಯಾಶಾಸ್ತ್ರದ ಎದುರು, ಎರಡನೇ ವರ್ಷದ ಸಿದ್ಧಾಂತದ ಕೋರ್ಸಿನ ಎದುರು, ಇನ್ನೂ ಹಲವುಗಳ ಎದುರು ವಿಭಾಗದ ಹೆಸರಿನ ಮುಂದೆ ಒಂದು ಅಂಕಿ, ಅದರ ಪಕ್ಕದಲ್ಲಿ ಸಾಲಾಗಿ ಎಕ್ಸ್ ಅಕ್ಷರಗಳು. ಹಾಗೆಂದರೆ ಕ್ರೆಡಿಟ್ ಕೊಟ್ಟಿದ್ದಾರೆ, ಆದರೆ ಎಲೆಕ್ಟಿವ್ (ಐಚ್ಛಿಕ ಕೋರ್ಸ್) ಎಂದು ಮಾತ್ರ. ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಬೇಕಾದ ಕಡ್ಡಾಯ ಕೋರ್ಸನ್ನು ಅದು ತೀರಿಸುವುದಿಲ್ಲ. ಸಿಲೆಬಸ್, ಪಠ್ಯಪುಸ್ತಕದ ಹೆಸರು, ವಾರವಾರದ ಪಾಠದ ವಿವರ ಎಲ್ಲವನ್ನೂ ಕಳಿಸಿ ವಿಭಾಗದವರನ್ನು ಒಪ್ಪಿಸಿದರೆ ಕೆಲವು ಬದಲಾಗುವುದುಂಟು. ಅವಳದರಲ್ಲಿ ಸಂಖ್ಯಾಶಾಸ್ತ್ರ ಬದಲಾಯಿತು, ಸಿದ್ಧಾಂತದ ಕೋರ್ಸ್ ಬದಲಾಗಲಿಲ್ಲ.

ಇದರ ಮೇಲೆ ಅಲ್ಲಿನ ಸಾಮಾನ್ಯ ಶಿಕ್ಷಣದ ಹೊರೆ. ಕೆನಡಾದಲ್ಲಿ, ಮುಖ್ಯವಾಗಿ ಒಂಟಾರಿಯೊದಲ್ಲಿ, ವಿದ್ಯಾರ್ಥಿ ಮೊದಲ ವರ್ಷದಿಂದಲೇ ತನ್ನ ವಿಷಯದೊಳಗೆ ಇಳಿದುಬಿಡುತ್ತಾನೆ. ಅಮೆರಿಕದಲ್ಲಿ ಮೊದಲ ಎರಡು ವರ್ಷ ಬರವಣಿಗೆ, ಇತಿಹಾಸ, ವಿಜ್ಞಾನ, ಕಲೆ ಎಂದು ಹರಡಿಕೊಂಡಿರುತ್ತದೆ. ಟೆಕ್ಸಾಸ್‌ನ ಕಾನೂನಿನ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆಯುವವರು ಅಮೆರಿಕದ ಇತಿಹಾಸದಲ್ಲಿ 6 ಕ್ರೆಡಿಟ್, ಆ ರಾಜ್ಯದ ಸಂವಿಧಾನವೂ ಸೇರಿದಂತೆ ಸರ್ಕಾರದ ವಿಷಯದಲ್ಲಿ ಇನ್ನೊಂದು 6 ಕ್ರೆಡಿಟ್ ಓದಲೇಬೇಕು. ಒಂಟಾರಿಯೊದಲ್ಲಿ ಟೆಕ್ಸಾಸ್‌ನ ಸಂವಿಧಾನವನ್ನು ಯಾರು ಹೇಳಿಕೊಡುತ್ತಾರೆ? ಈ 12 ಕ್ರೆಡಿಟ್‌ಗಳೆಂದರೆ ಹತ್ತಿರ ಹತ್ತಿರ ಒಂದು ಸೆಮಿಸ್ಟರ್. ಅದರ ಜೊತೆಗೆ ಡಿಗ್ರಿಯ ಇಂತಿಷ್ಟು ಭಾಗವನ್ನು ತಮ್ಮಲ್ಲೇ ಓದಿರಬೇಕೆಂಬ ನಿಯಮ ಎಲ್ಲ ಕಡೆ ಇದೆ. ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ಹೊರಗಿನಿಂದ ಬಂದವರಿಗೆ 64 ಯೂನಿಟ್ (ಅಲ್ಲಿ ಕ್ರೆಡಿಟ್ಟಿಗೆ ಹೇಳುವ ಹೆಸರು)‌ಗಿಂತ ಹೆಚ್ಚನ್ನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳ ಯುಸಿ ಸಮೂಹದ ಬಗ್ಗೆ ಕೇಳುವವರು ಬಹಳ. ಅಲ್ಲಿ ಟ್ರಾನ್ಸ್‌ಫರ್‌ನಲ್ಲಿ ಮೊದಲ ಆದ್ಯತೆ ಅದೇ ರಾಜ್ಯದ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಕಾಲೇಜಿನ) ಮಕ್ಕಳಿಗೆ, ಮತ್ತು ಜನವರಿಯಲ್ಲಿ ನನಗೆ ಫೋನ್ ಮಾಡುವ ಹೊತ್ತಿಗೆ ಸಾಮಾನ್ಯವಾಗಿ ಅರ್ಜಿಯ ಅವಧಿಯೇ ಮುಗಿದಿರುತ್ತದೆ.

ಅಂಕಗಳ ವಿಷಯದಲ್ಲಿ ಒಂದು ಸಮಾಧಾನ ಉಂಟು. ಟೊರೊಂಟೊ, ಮೆಕ್‌ಗಿಲ್, ಬ್ರಿಟಿಷ್ ಕೊಲಂಬಿಯಾ ಮೂರರಲ್ಲೂ ಶೇ. 80 ಎಂದರೆ ಎ ಮೈನಸ್. ಅಮೆರಿಕದ ರೂಢಿಯ ಪ್ರಕಾರ ಅದು ಬಿ ಮೈನಸ್. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ಪಟ್ಟಿ ನೋಡಿ ಶೇಕಡಾವಾರನ್ನು ತಾವೇ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಇಳಿಸಿಕೊಂಡು ಕೊರಗುವುದು ಬೇಡ. ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಆಯಾ ವಿಶ್ವವಿದ್ಯಾಲಯದ ಅಳತೆಗೋಲಿನ ವಿವರವೂ ಹೋಗುತ್ತದೆ, ಕೆನಡಾದ ಅಂಕಪಟ್ಟಿ ಓದುವುದು ಅಲ್ಲಿನವರಿಗೆ ಹೊಸದಲ್ಲ. ಹೋದ ಮೇಲೆ ಸಾಮಾನ್ಯವಾಗಿ ಕ್ರೆಡಿಟ್ ಮಾತ್ರ ಬರುತ್ತದೆ, ಜಿಪಿಎ ಸೊನ್ನೆಯಿಂದ ಶುರು. ಇಲ್ಲಿ ಕಷ್ಟಪಟ್ಟು ಒಳ್ಳೆಯ ಜಿಪಿಎ ಗಳಿಸಿದವನಿಗೆ ಇದು ಹೊಟ್ಟೆ ಉರಿಸುವ ಸಂಗತಿ.

ಶಿಫಾರಸು ಪತ್ರದ್ದು ಬೇರೆಯೇ ಕಥೆ. ಟ್ರಾನ್ಸ್‌ಫರ್ ಅರ್ಜಿಗೆ ಪ್ರಾಧ್ಯಾಪಕರ ಪತ್ರ, ಕಾಲೇಜಿನ ವರದಿ, ಕೆಲವು ಕಡೆ ಪ್ರತಿ ಕೋರ್ಸಿನ ಅರ್ಧಾವಧಿಯ ಅಂಕಕ್ಕೆ ಅಧ್ಯಾಪಕರ ಸಹಿ ಬೇಕಾಗುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದ ಕಾನ್ವೊಕೇಶನ್ ಹಾಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ಕೂತು ಪಾಠ ಕೇಳುವ ಕೋರ್ಸುಗಳಿವೆ. ಬಾಲ್ಕನಿಯಲ್ಲಿ ಕೂತ ಹುಡುಗನ ಬಗ್ಗೆ ಆ ಪ್ರಾಧ್ಯಾಪಕರು ಏನೆಂದು ಬರೆದಾರು? ಚಿಕ್ಕ ಟ್ಯುಟೋರಿಯಲ್ ಇರುವ ಒಂದು ಕೋರ್ಸನ್ನಾದರೂ ಮೊದಲ ವರ್ಷವೇ ಆರಿಸಿಕೊಂಡು, ಆಫೀಸ್ ಅವರ್ಸ್‌ಗೆ ಹೋಗಿ ಮುಖಪರಿಚಯ ಮಾಡಿಕೊಂಡವರಿಗೆ ಮಾತ್ರ ಇದು ಸಲೀಸು.

ಹಣದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅಮೆರಿಕದ ದೊಡ್ಡ ವಿದ್ಯಾರ್ಥಿವೇತನಗಳು ಬಹುಪಾಲು ನೇರವಾಗಿ ಮೊದಲ ವರ್ಷಕ್ಕೆ ಸೇರುವವರಿಗೆ. ನಡುವೆ ಬರುವ ವಿದೇಶಿ ವಿದ್ಯಾರ್ಥಿಗೆ ಉಳಿಯುವುದು ಚೂರುಪಾರು. ಊರಿನಲ್ಲಿ ಶಿಕ್ಷಣ ಸಾಲ ಮಾಡಿದ್ದರೆ ಅದು ಮಂಜೂರಾಗಿರುವುದು ಕೆನಡಾದ ಆ ಒಂದು ಕೋರ್ಸಿಗೆ. ಕಾಲೇಜು ಬದಲಾದರೆ ಮತ್ತೆ ಬ್ಯಾಂಕಿಗೆ ಓಡಾಡಬೇಕು.

ವೀಸಾ ಮಾತ್ರ ಬಿಡಿಸಿ ಹೇಳಬೇಕಾದದ್ದು, ಏಕೆಂದರೆ ಇಲ್ಲಿಯೇ ನಮ್ಮವರು ಪಕ್ಕದ ಮನೆಯವರನ್ನು ನೋಡಿ ಲೆಕ್ಕ ತಪ್ಪುತ್ತಾರೆ. ಕೆನಡಾದ ಪೌರತ್ವ ಇರುವ ಹುಡುಗ ಐ-20 (ಅಲ್ಲಿನ ವಿಶ್ವವಿದ್ಯಾಲಯ ಕೊಡುವ ಪ್ರವೇಶಪತ್ರ) ಮತ್ತು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) ಶುಲ್ಕದ ರಸೀದಿ ಹಿಡಿದು ಗಡಿಗೆ ಹೋದರೆ ಸಾಕು, ಅವನಿಗೆ ವೀಸಾ ಬೇಕಿಲ್ಲ. ಸ್ಟಡಿ ಪರ್ಮಿಟ್ ಮೇಲಿರುವ ನಮ್ಮ ಹುಡುಗ ಸೆವಿಸ್‌ಗೆ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಕಟ್ಟಿ, ಎಫ್-1 ಎಂಬ ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ಸರದಿ ಕಾಯಬೇಕು. 2025ರ ಮೇ ಕೊನೆಯಿಂದ ಜೂನ್‌ವರೆಗೆ ಹೊಸ ಸಂದರ್ಶನಗಳನ್ನೇ ತಡೆಹಿಡಿದಿದ್ದರು. ಆಮೇಲೆ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ನಿಯಮ ಬಂತು. ಅದೇ ಸೆಪ್ಟೆಂಬರ್‌ನಲ್ಲಿ, ಸ್ವದೇಶದಲ್ಲಿ ಅಥವಾ ತಾನು ವಾಸವಿರುವ ದೇಶದಲ್ಲಿ ಮಾತ್ರ ಸಂದರ್ಶನಕ್ಕೆ ಹೋಗಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆ ಹೇಳಿತು. ಹಾಗಾಗಿ ಕೆನಡಾದಲ್ಲಿ ಅರ್ಜಿ ಹಾಕುವವರು ತಾವು ಇಲ್ಲಿನ ನಿವಾಸಿಗಳೆಂಬುದಕ್ಕೆ ದಾಖಲೆ ಇಟ್ಟುಕೊಂಡಿರಬೇಕು.

ಬಿಟ್ಟು ಹೋಗುವುದರ ಬೆಲೆಯನ್ನೂ ಎಣಿಸಬೇಕಲ್ಲ. ಇಲ್ಲಿ ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗುತ್ತದೆ, ನಂತರ ಪಿಆರ್‌ಗೆ (ಕಾಯಂ ವಾಸದ ಹಕ್ಕಿಗೆ) ಅಂಕ ಸಿಗುತ್ತದೆ. ಪಿಆರ್ ಆದ ಮೇಲೆ, ಅರ್ಜಿಯ ಹಿಂದಿನ ಐದು ವರ್ಷಗಳಲ್ಲಿ 1,095 ದಿನ ಇಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ವಿದ್ಯಾರ್ಥಿಯಾಗಿ ಕಳೆದ ದಿನಗಳಿಗೂ ಅರ್ಧದ ಲೆಕ್ಕದಲ್ಲಿ ಗರಿಷ್ಠ 365 ದಿನ ಸೇರುತ್ತದೆ. ಪೌರತ್ವ ಬಂದ ಮೇಲೆ, ನಿಗದಿತ ಪಟ್ಟಿಯಲ್ಲಿರುವ ವೃತ್ತಿಯವರು ಟಿಎನ್ ಎಂಬ ಉದ್ಯೋಗ ಪರವಾನಗಿಯ ಮೇಲೆ ಅಮೆರಿಕಕ್ಕೆ ಕೆಲಸಕ್ಕೆ ಹೋಗಬಹುದು, ಅದಕ್ಕೆ ಲಾಟರಿ ಇಲ್ಲ. ಅತ್ತ ಅಮೆರಿಕದಲ್ಲಿ ಓದಿದವನಿಗೆ ಒಂದು ವರ್ಷದ ಓಪಿಟಿ (ಓದಿನ ನಂತರ ಕೆಲಸ ಮಾಡುವ ಅನುಮತಿ), ವಿಜ್ಞಾನ-ತಂತ್ರಜ್ಞಾನ ವಿಷಯವಾದರೆ ಇನ್ನೆರಡು ವರ್ಷ, ಆಮೇಲೆ ವರ್ಷಕ್ಕೆ 85,000 ಎಚ್-1ಬಿ ಉದ್ಯೋಗ ವೀಸಾಗಳ ಲಾಟರಿ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲಿನ ಉದ್ದ ಗೊತ್ತಿರುವುದೇ. ಕೆನಡಾದ ಪೌರನಾದರೂ ಆ ಸಾಲಿನಲ್ಲಿ ಹುಟ್ಟಿದ ದೇಶವೇ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು.

ಇದಕ್ಕೆ ಒಂದು ಬಲವಾದ ಪ್ರತಿವಾದ ಇದೆ. 2025ರ ಸೆಪ್ಟೆಂಬರ್‌ನ ಘೋಷಣೆಯ ಪ್ರಕಾರ ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಿದ್ದಿತು. ಅಮೆರಿಕದೊಳಗೇ ಎಫ್-1ರಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು. ಹಾಗಾದರೆ ಈಗಲೇ ಒಳಗೆ ಸೇರಿಕೊಳ್ಳುವುದು ಜಾಣತನವಲ್ಲವೇ ಎಂದು ಕೇಳುತ್ತಾರೆ. ಮಾಸ್ಟರ್ಸ್‌ಗೆ ಹೋದವನೂ ಎಫ್-1 ಮೇಲೆಯೇ ಒಳಗಿರುತ್ತಾನಲ್ಲ, ಅದಕ್ಕಾಗಿ ಡಿಗ್ರಿಯ ನಡುವೆ ಹೋಗಬೇಕಿಲ್ಲ. ಮೇಲಾಗಿ 85,000ದಲ್ಲಿ 20,000 ಅಮೆರಿಕದ ಮಾಸ್ಟರ್ಸ್ ಅಥವಾ ಅದಕ್ಕೂ ಮೇಲಿನ ಪದವಿಯವರಿಗೇ ಮೀಸಲು. ವಾಟರ್‌ಲೂನಂತಹ ಕಡೆ ಕೋ-ಆಪ್‌ನಲ್ಲಿ (ಓದಿನ ನಡುವೆ ಕಂಪನಿಗಳಲ್ಲಿ ದುಡಿಯುವ ವ್ಯವಸ್ಥೆಯಲ್ಲಿ) ನಾಲ್ಕು ನಾಲ್ಕು ತಿಂಗಳು ಕೆಲಸ ಮಾಡಿದ ಅನುಭವವನ್ನು ಎಸೆದು ಹೋಗುವ ಅಗತ್ಯವೂ ಬರುವುದಿಲ್ಲ.

ಹೋಗಬೇಕಾದವರೂ ಇದ್ದಾರೆ. ಕೆನಡಾದ ಪೌರತ್ವ ಇರುವವರು, ಇಲ್ಲಿ ಸಿಗದ ವಿಷಯ ಹಿಡಿದವರು, ಸಾವಿರ ಜನರ ತರಗತಿಯಲ್ಲಿ ಕಳೆದುಹೋಗಿ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜು ಬೇಕೆನ್ನುವವರು ಹೋಗಲಿ, ಹೋಗುವುದಾದರೆ ಒಂದು ವರ್ಷ ಮುಗಿದ ಕೂಡಲೇ ಹೋಗಲಿ. ಬರೀ ಬೇಸರಕ್ಕೆ ಹೊರಡುವವರು ಕೆನಡಾದೊಳಗೇ ಬೇರೆ ಊರಿನ ವಿಶ್ವವಿದ್ಯಾಲಯವನ್ನು ಮೊದಲು ನೋಡಬಹುದು, 2024ರ ನವೆಂಬರ್‌ನಿಂದ ಅದಕ್ಕೂ ಹೊಸ ಸ್ಟಡಿ ಪರ್ಮಿಟ್ ಬೇಕೆಂಬುದು ನೆನಪಿರಲಿ.

ಸೀಟು ಸಿಕ್ಕವರು ಡಿಪಾಸಿಟ್ ಕಟ್ಟುವ ಮೊದಲು ಅಲ್ಲಿನ ವಿಭಾಗದ ಅಡ್ವೈಸರ್‌ಗೆ ಒಂದೇ ಪ್ರಶ್ನೆಯ ಇಮೇಲ್ ಕಳಿಸಲಿ: ಈ ಮೇಜರ್‌ನಲ್ಲಿ ಡಿಗ್ರಿ ಮುಗಿಸಲು ನನಗೆ ಇನ್ನು ಎಷ್ಟು ಸೆಮಿಸ್ಟರ್ ಬೇಕು, ಯಾವ ಯಾವ ಕೋರ್ಸ್ ಬಾಕಿ? ನಮ್ಮ ಹುಡುಗಿಗೆ ಆರು ಸೆಮಿಸ್ಟರ್ ಎಂದು ಉತ್ತರ ಬಂತು, ಅಂದರೆ ಇಲ್ಲಿ ಓದಿದ ಎರಡು ವರ್ಷದಲ್ಲಿ ಒಂದು ನೀರುಪಾಲು. ಅವಳು ಡಿಪಾಸಿಟ್ ಕಟ್ಟಲಿಲ್ಲ. ಡಲ್ಲಾಸ್‌ನ ಸೋದರಮಾವನಿಗೆ ಇನ್ನೂ ಸ್ವಲ್ಪ ಮುನಿಸಿದೆ.