20ಕ್ಕೆ 7 ಬಂದವಳಿಗೆ ಇನ್ನೊಂದು ಸಲ ಯಾಕೆ ಕೊಡಬಾರದು?

ಹೋದ ಜನವರಿಯಲ್ಲಿ ನಮ್ಮ ಬಿ.ಕಾಂ. ಹುಡುಗಿಯೊಬ್ಬಳಿಗೆ ಕಾಸ್ಟ್ ಅಕೌಂಟಿಂಗ್ (ವೆಚ್ಚದ ಲೆಕ್ಕ) ಇಂಟರ್ನಲ್ ಟೆಸ್ಟ್‌ನಲ್ಲಿ 20ಕ್ಕೆ 7 ಬಂತು. ಪೇಪರ್ ಕೈಗೆ ಕೊಟ್ಟರೆ ನೋಡಲೂ ಇಲ್ಲ, ಮಡಚಿ ಬ್ಯಾಗಿಗೆ ತುರುಕಿದಳು. ಟೆಸ್ಟ್ ಇದ್ದ ವಾರವೇ ಅವರ ಹೊಲದಲ್ಲಿ ತೊಗರಿ ರಾಶಿ. ಬೆಳಗಿನ ಬಸ್ಸಿಗೆ ಬಂದು ಟೆಸ್ಟ್ ಬರೆದು, ಮಧ್ಯಾಹ್ನ ಮತ್ತೆ ಹೊಲಕ್ಕೆ. ಕಲಬುರಗಿ ಸುತ್ತಲಿನ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳದ್ದು ಇದೇ ಕತೆ.

ಅವಳನ್ನು ಕರೆದು ಹೇಳಿದೆ: "ಈ ಪೇಪರ್ ಮನಿಗೆ ಒಯ್ಯವ್ವಾ. ಎಲ್ಲಿ ತಪ್ಪಾಗ್ಯದ ನೀನೇ ಹುಡುಕು. ಒಂದು ವಾರದಾಗ ಬಂದು ಬೋರ್ಡಿನ ಮ್ಯಾಲ ನನಗ ತಿಳಿಸಿ ಹೇಳು. ಕಳಕೊಂಡ ಅಂಕದಾಗ ಅರ್ಧ ವಾಪಸ್ ಕೊಡ್ತೀನಿ."

ನಾಲ್ಕನೇ ದಿನ ಬಂದಳು. ಉತ್ತರ ತಾಳೆ ಆಗುತ್ತಿಲ್ಲ ಅನ್ನುವುದು ಗೊತ್ತಾಗಿತ್ತು, ಯಾಕೆ ಅನ್ನುವುದು ಗೊತ್ತಾಗಿರಲಿಲ್ಲ. ಓಪನಿಂಗ್ ಸ್ಟಾಕ್ (ಮೊದಲಿಗೆ ಇದ್ದ ಸರಕು), ಖರೀದಿ ಕೂಡಿಸಿದ ಕೈಯಲ್ಲೇ ಕ್ಲೋಸಿಂಗ್ ಸ್ಟಾಕನ್ನೂ (ಕೊನೆಗೆ ಉಳಿದದ್ದನ್ನೂ) ಕೂಡಿಸಿದ್ದಳು. ಹೊಸ ಲೆಕ್ಕ ಕೊಟ್ಟೆ. ಒಂದು ದಾಲ್ ಮಿಲ್. ತಿಂಗಳ ಮೊದಲಿಗೆ 40 ಕ್ವಿಂಟಲ್ ತೊಗರಿ ಇತ್ತು, 200 ಕ್ವಿಂಟಲ್ ಕೊಂಡರು, ಕೊನೆಗೆ 30 ಉಳಿಯಿತು. ಬಳಕೆಯಾಗಿದ್ದು ಎಷ್ಟು? 270 ಅಂತ ಬರೆಯಲು ಹೋದವಳು ಹಾಗೇ ನಿಂತಳು. "ಗೋದಾಮಿನಾಗ ಉಳಿದ ತೊಗರಿ ಇನ್ನಾ ಬ್ಯಾಳಿ ಆಗಿಲ್ಲಲ್ರಿ ಸರ್. ಅದನ್ನ ಕಳೀಬೇಕಲ್ರಿ?" 210 ಅಂತ ಬರೆದಳು. ಆ ಹೊತ್ತಿಗೆ ಅವಳ ಮುಖ ನೀವು ನೋಡಬೇಕಿತ್ತು. ಏಳು ಇದ್ದದ್ದು ಹದಿಮೂರೂವರೆ ಆಯಿತು.

ಈ ಪದ್ಧತಿ ಎಲ್ಲ ಕಾಲೇಜುಗಳಲ್ಲೂ ಬರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಇಂಟರ್ನಲ್ ಅಂಕ ವಿಶ್ವವಿದ್ಯಾಲಯಕ್ಕೆ ಹೋಗುವ ತನಕ ನಮ್ಮ ಕೈಯಲ್ಲೇ ಇರುತ್ತದೆ ಅಲ್ವಾ?

2023-24ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ. ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಸಿಕೊಳ್ಳಬಹುದು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ಶೇ. 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ಎರಡನೇ, ಮೂರನೇ ಪರೀಕ್ಷೆ ಬರೆದು ದಾಟಿದ ಮಕ್ಕಳು ಮುಂದೆ ನಮ್ಮ ಬೆಂಚುಗಳಿಗೇ ಬರುವವರು. ಇಲ್ಲಿಗೆ ಬಂದ ಕೂಡಲೇ ಆ ಬಾಗಿಲು ಮುಚ್ಚಿಬಿಡುತ್ತೇವೆ.

ಹಾಗಂತ ಸುಮ್ನೆ ಮತ್ತೊಂದು ಟೆಸ್ಟ್ ಬರೆಸಿದರೆ ಸಾಲದು. ನಾನು ಡಿಗ್ರಿ ಓದುವಾಗ ಒಂದು ಪೇಪರ್ ಬಿತ್ತು. ತಿಂಗಳುಗಟ್ಟಲೆ ಕಾದು ಮತ್ತೆ ಬರೆದೆ. ಎಲ್ಲಿ ತಪ್ಪಿದೆ ಅಂತ ಒಬ್ಬರೂ ತೋರಿಸಲಿಲ್ಲ. ಎರಡನೇ ಸಲ ಹೇಗೋ ಪಾಸಾದೆ. ಆದರೆ ಆ ಪಾಠ ಅರ್ಥವಾಗಿದ್ದು ನಾನೇ ಕ್ಲಾಸಿನಲ್ಲಿ ಹೇಳಿಕೊಡಲು ನಿಂತಾಗ. ಆ ನೋವು ಇನ್ನೂ ಇದೆ.

ಇನ್ನೊಂದು ಕಡೆ, ಟೆಸ್ಟ್ ಪೇಪರ್ ನೋಡದೆ ಎಲ್ಲರಿಗೂ 18 ಹಾಕಿ ಕಳಿಸುವುದೂ ನಡೆಯುತ್ತದೆ. ಅದು ದಯೆ ಅಲ್ಲ. ಆ ಹುಡುಗಿಗೆ 18 ಹಾಕಿ ಕಳಿಸಿದ್ದರೆ ಸೆಮಿಸ್ಟರ್ ಪರೀಕ್ಷೆಯಲ್ಲೂ 270 ಅಂತಲೇ ಬರೆಯುತ್ತಿದ್ದಳು.

"ಮೊದಲೇ ಓದಿ ಬರೆದವರಿಗೆ ಅನ್ಯಾಯ ಆಗ್ತದಲ್ರಿ?" ಅಂತ ಜೊತೆಯ ಉಪನ್ಯಾಸಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಅರ್ಧ ಮಾತ್ರ ವಾಪಸ್ ಕೊಡುವುದು. 7 ಬಂದವಳು ಎಷ್ಟೇ ಮಾಡಿದರೂ 18 ಬಂದವನನ್ನು ದಾಟುವುದಿಲ್ಲ. 18 ಬಂದವನೂ ತನ್ನ ಎರಡು ಅಂಕದ ತಪ್ಪು ತಿದ್ದಿ 19 ಮಾಡಿಕೊಳ್ಳಬಹುದು. ನಿಯಮ ಎಲ್ಲರಿಗೂ ಒಂದೇ.

ಕೆಲಸ ಜಾಸ್ತಿ ಆಗುತ್ತದೆ, ನಿಜ. ಅರವತ್ತು ಮಕ್ಕಳ ಕ್ಲಾಸು. ಎರಡು ವಾರ ಸಂಜೆ ಐದೂವರೆಗೆ ಮನೆಗೆ ಹೊರಟಿದ್ದೇನೆ. ಆದರೆ ಎಂಟಕ್ಕಿಂತ ಕಡಿಮೆ ಬಂದ ಒಂಬತ್ತು ಮಕ್ಕಳಲ್ಲಿ ಆರು ಜನ ಪೇಪರ್ ಹಿಡಿದು ಬಂದರು.

ಬಾರದ ಮೂವರ ಚಿಂತೆ ನನಗೆ. ಒಬ್ಬನ ಫೋನ್ ಸ್ವಿಚ್ ಆಫ್. ಅಪ್ಪ ಅಮ್ಮನ ಜೊತೆ ಪುಣೆಗೆ ದುಡಿಯಲು ಹೋಗಿದ್ದಾನೆ ಅಂತ ಅವನ ಗೆಳೆಯ ಹೇಳಿದ. ಅವನಿಗೆ ನನ್ನ ಒಂದು ವಾರದ ಗಡುವಿನಿಂದ ಏನೂ ಉಪಯೋಗ ಆಗಲಿಲ್ಲ. ಈ ಸಲ ಗಡುವನ್ನು ಅಂಕ ಕಳಿಸುವ ಹಿಂದಿನ ದಿನದವರೆಗೂ ಇಡುತ್ತೇನೆ. ಟೆಸ್ಟ್ ತಾರೀಖು ಗೊತ್ತು ಮಾಡುವ ಮೊದಲು ರಾಶಿ ಯಾವಾಗ ಅಂತ ಮಕ್ಕಳನ್ನೇ ಕೇಳುತ್ತೇನೆ. ಬೀದರ್, ಯಾದಗಿರಿ ಕಡೆ ಪಾಠ ಮಾಡುವ ಗೆಳೆಯರೇ, ನಿಮ್ಮಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ, ಗುಳೆ ಹೋದ ಮಕ್ಕಳನ್ನು ಹೇಗೆ ಹಿಡಿಯುತ್ತೀರಿ ಅಂತ ದಯವಿಟ್ಟು ತಿಳಿಸಿ.