ಎರಡು ಕೋಟು ಕಲ್ಯಾಣ

ನಮ್ಮ ಓಣಿ ಶಾಲೆಯ ಕಥೆ ಕೇಳಿ. ಮಳೆ ಬಂದರೆ ಕೋಣೆ ಸೋರುತ್ತದೆ. ಸಾಹೇಬರು ಬರ್ತಾರೆ ಅಂತ ಬಿರುಕು ಮುಚ್ಚಿಸುವ ಬದಲು ಛತ್ತಿಗೆ ಮುದ್ದೆ ಮುದ್ದೆ ಟೆಕ್ಸ್ಚರ್, ಅಂದರೆ ಉಬ್ಬುತಗ್ಗಿನ ಲೇಪ ಹೊಡೆದು ಬಿಳಿ ಬಣ್ಣ ಬಳಿದರು. ಎಂಥ ತಲೆ ನೋಡಿ! ನುಣ್ಣಗಿನ ಛತ್ತಿನಲ್ಲಿ ಬಿರುಕು ಎದ್ದು ಕಾಣುತ್ತದೆ. ಉಬ್ಬುತಗ್ಗಿನದ್ದಾದರೆ ಯಾವುದು ಬಿರುಕು, ಯಾವುದು ಡಿಸೈನು ಅಂತ ಬ್ರಹ್ಮನಿಗೂ ತಿಳಿಯಲ್ಲ. ನನಗೆ ಇದು ಎಷ್ಟು ಹಿಡಿಸಿತೆಂದರೆ, ಮನೆಯ ಸೀಲಿಂಗ್‌ಗೂ ನಾನೇ ಬಣ್ಣ ಹಚ್ಚಲು ಹೊರಟೆ.

ನಮ್ಮ ಹಾಲ್‌ನದು ಹಿಂದಿನ ಮಾಲೀಕರು ಶೋಕಿಗೆ ಮಾಡಿಸಿದ ಟೆಕ್ಸ್ಚರ್ ಸೀಲಿಂಗ್. ಯಾರೋ ಚುರುಮುರಿ ಎರಚಿ ಅಂಟಿಸಿದಂತಿದೆ. ಅಮೆರಿಕದಲ್ಲಿ ಇಂಥದ್ದಕ್ಕೆ ಪಾಪ್‌ಕಾರ್ನ್ ಸೀಲಿಂಗ್ ಅಂತಲೇ ಹೆಸರು. 1970ರ ದಶಕದವರೆಗೂ ಅಲ್ಲಿ ಅದಕ್ಕೆ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. ಹಾಗಾಗಿ ಹಳೆ ಮನೆಯಾದರೆ ಪರೀಕ್ಷೆ ಮಾಡಿಸದೆ ಕೆರೆಯಬೇಡಿ ಅಂತಾರೆ. ಪುಡಿ ಒಳಗೆ ಹೋದರೆ ಕ್ಯಾನ್ಸರ್ ಭಯ. ಪಾಪ, ಪುಕ್ಕಲು ಜನ. ನಾವು ಪುಡಿಯ ಗೊಡವೆಗೇ ಹೋಗಲ್ಲ, ಇಡೀ ಆಸ್ಬೆಸ್ಟಾಸ್ ಶೀಟನ್ನೇ ಅಂಗಡಿಯಿಂದ ತಂದು ತಲೆ ಮೇಲೆ ಹೊದ್ದು ಮಲಗುತ್ತೇವೆ.

ಮೇ ತಿಂಗಳು. ಕಲಬುರಗಿ ಬಿಸಿಲು. ಫ್ಯಾನ್ ಬಂದ್ ಮಾಡಿ ರೆಕ್ಕೆಗೆ ಪ್ಲಾಸ್ಟಿಕ್ ಸುತ್ತಿದ್ದೆ. ಇಂಥ ಸೀಲಿಂಗ್‌ಗೆ ಉದ್ದ ಜೂಲಿನ ರೋಲರ್ ಬೇಕು, ಮುಕ್ಕಾಲು ಇಂಚಿನದು. ಮೋಟು ಜೂಲಾದರೆ ಉಬ್ಬಿಗಷ್ಟೇ ಬಣ್ಣ, ತಗ್ಗು ಹಾಗೇ ಉಳಿಯುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉರುಳಿಸಲೂಬಾರದು. ನೀರು ಕುಡಿದ ಟೆಕ್ಸ್ಚರ್ ಮೆತ್ತಗಾಗಿ ರೋಲರಿಗೇ ಅಂಟಿ ಬರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ನಾಲ್ಕನೇ ಸಲ ಉರುಳಿಸಿದೆ. ಅಂಗೈ ಅಗಲದ ಚುರುಮುರಿ ಕಿತ್ತು ಬಂದು, ನೆನೆದ ರೊಟ್ಟಿಯ ಹಾಗೆ ರೋಲರಿಗೆ ಜೋತುಬಿತ್ತು. ಆಮೇಲೆ ನನ್ನ ಮೂಗಿನ ಮೇಲೆ. ಬಣ್ಣ ಮೊಣಕೈಗುಂಟ ಇಳಿದು ಬನಿಯನ್ ಒಳಗೆ ಹೋಗುತ್ತದೆ, ಅದನ್ನು ಯಾವ ವಿಡಿಯೊದವನೂ ತೋರಿಸಲ್ಲ.

ಕತ್ತು ಎತ್ತಿ ಏಣಿ ಮೇಲೆ ನಿಂತಾಗ ಕೋಟೆಯ ಜಾಮಿ ಮಸೀದಿ ನೆನಪಾಯಿತು. 1367ರದ್ದು. ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಛತ್ತು, ಗುಮ್ಮಟದ ಪಕ್ಕ ಗುಮ್ಮಟ. ಚಿಕ್ಕವನಿದ್ದಾಗ ಮೇಲೆ ನೋಡುತ್ತಾ ನಡೆದು ಕಂಬಕ್ಕೆ ಹಣೆ ಗುದ್ದಿಕೊಂಡಿದ್ದೆ. ಅಮ್ಮ ಹಣೆ ಉಜ್ಜುತ್ತಾ ನನ್ನನ್ನೇ ಬೈದಳು, ಕಂಬಕ್ಕೆ ಒಂದು ಮಾತೂ ಇಲ್ಲ. ಅದು ನಿಂತು ಆರು ನೂರು ವರ್ಷದ ಮೇಲಾಯಿತು. ಯಾರ ಟೆಂಡರೋ ಏನೋ. ನಮ್ಮ ಶಾಲೆ ಕೋಣೆಗೆ ಇನ್ನೂ ಹನ್ನೊಂದು ವರ್ಷ.

ಪಕ್ಕದ ಮನೆ ಕೆಲಸಕ್ಕೆ ಬಂದಿದ್ದ ಪೇಂಟರ್ ಬಾಗಿಲಲ್ಲಿ ನಿಂತು ನೋಡಿದ. ಮೂಲೆಯಲ್ಲಿ ಚಹಾ ಬಣ್ಣದ ಕಲೆ. ನಾನು ಎರಡು ಸಲ ಮುಚ್ಚಿದ್ದೆ, ಎರಡು ಸಲವೂ ಎದ್ದು ಬಂದಿತ್ತು.

“ಸಾಹೇಬ್ರ, ನೀರು ಮ್ಯಾಲಿಂದ ಬರ್ಲತ್ತದ, ನೀವು ತೆಳಗಿಂದ ಬಣ್ಣ ಹಚ್ಚಲತ್ತೀರಿ. ಹ್ಯಾಂಗ ನಿಂದರ್ತದ್ರಿ?”

“ಮತ್ತೇನ್ ಮಾಡ್ಲಪ್ಪ?”

“ಮೊದಲ ಮಾಳಗಿ ಮ್ಯಾಲಿನ ಟಾಕಿ ಪೈಪ್ ಬರೋಬ್ಬರಿ ಮಾಡಸ್ರಿ. ಒಣಗ್ಲಿ. ಆಮ್ಯಾಲ ಆಯಿಲ್ ಪ್ರೈಮರ್, ಅದರ ಮ್ಯಾಲ ಬಣ್ಣ.”

ಇಷ್ಟು ಹೇಳಲು ಅವನಿಗೆ ಸಮಿತಿ ಬೇಕಾಗಲಿಲ್ಲ, ಊಟದ ಮೀಟಿಂಗೂ ಬೇಕಾಗಲಿಲ್ಲ. ಆದರೆ ನಾವು ಬಣ್ಣ ನಂಬಿದ ಜನ ಅಲ್ವಾ. 2013ರಲ್ಲಿ 371(ಜೆ), ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ಕಲಂ, ಅಂತ ಪ್ರೈಮರ್ ಬಂತು. 2014ರಲ್ಲಿ ಗುಲಬರ್ಗಾ ಅಳಿಸಿ ಕಲಬುರಗಿ, ಮೊದಲ ಕೋಟು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅಳಿಸಿ ಕಲ್ಯಾಣ ಕರ್ನಾಟಕ, ಎರಡನೇ ಕೋಟು. ಹೆಸರು ಚಂದ ಇದೆ, ನನಗೇನೂ ತಕರಾರಿಲ್ಲ. ಕಲ್ಯಾಣ ಕರ್ನಾಟಕ ಉತ್ಸವದ ದಿನ ಸೆಪ್ಟೆಂಬರ್ 17 ಹತ್ತಿರ ಬಂದರೆ ಡಿವೈಡರ್‌ಗೂ ಮದುಮಗಳ ಸಿಂಗಾರ. ಚಹಾ ಬಣ್ಣದ ಕಲೆ ಮಾತ್ರ ಮೂಲೆಯಲ್ಲಿ ಹಾಗೇ ಇದೆ.

ಶಾಲೆಯದು ಮಾತ್ರ ನನಗೆ ನಗು ತರಿಸುತ್ತಿಲ್ಲ. ಆ ಕೋಣೆಯಲ್ಲಿ ಮಕ್ಕಳು ಕೂರುತ್ತಾರೆ. ನೆನೆದ ಗಿಲಾವಿನ ಮೇಲೆ ಇನ್ನಷ್ಟು ಭಾರ ಮೆತ್ತಿದ್ದಾರೆ. ಅದು ಸಾಹೇಬರು ಬಂದ ದಿನ ಬೀಳಲ್ಲ, ಯಾವುದೋ ಬುಧವಾರ ಮೂರನೇ ಪಿರಿಯಡ್‌ನಲ್ಲಿ ಬೀಳುತ್ತದೆ. ಒಬ್ಬ ಗೌಂಡಿಯನ್ನು ಮೇಲೆ ಹತ್ತಿಸಿ ಬಿರುಕು ಮುಚ್ಚಿಸಲು ಆಗಲಿಲ್ಲ ಇವರಿಗೆ. ಥೂ.

ನಮ್ಮ ಮನೆಗೆ ನಾಳೆ ಪ್ಲಂಬರ್ ಬರುತ್ತಾನೆ. ಅರ್ಧ ಡಬ್ಬಿ ಬಣ್ಣ ಉಳಿದಿದೆ. ಮುಂದಿನ ಸಾಹೇಬರು ಬರುವಾಗ ಬೇಕಾದರೆ ಶಾಲೆಯವರು ಒಯ್ಯಬಹುದು. ಮುಚ್ಚಳ ಸರಿಯಾಗಿ ಕೂರಲ್ಲ, ಎತ್ತುವಾಗ ಹುಷಾರ್.