ನಿದ್ದಿ ಬರದಂಗ ಮಾಡೋ ಗುಳಿಗಿ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಸುತ್ತಮುತ್ತ ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್, ಪಿಜಿ, ಖಾನಾವಳಿ. ಪಿಎಸ್‌ಐ, ಕೆಎಎಸ್ ಪರೀಕ್ಷೆ ಹತ್ತಿರ ಬಂತೆಂದರೆ ಕೆಲವು ಹುಡುಗರು ಕೌಂಟರಿನ ಪಕ್ಕಕ್ಕೆ ನಿಂತು, ಉಳಿದ ಗಿರಾಕಿಗಳು ಹೋಗಲಿ ಅಂತ ಕಾಯುತ್ತಾರೆ. ಆಮೇಲೆ ಮೆಲ್ಲಗೆ, "ಅಣ್ಣಾರ, ನಿದ್ದಿ ಬರದಂಗ ಮಾಡೋ ಗುಳಿಗಿ ಐತೇನ್ರಿ?" ಅಂತ ಕೇಳುತ್ತಾರೆ. ಮೊಡಾಫಿನಿಲ್ ಅನ್ನುವ ಹೆಸರೂ ಅವರಿಗೆ ಬಾಯಿಪಾಠ.

ಈ ಔಷಧಿ ಇರುವುದು ಮುಖ್ಯವಾಗಿ ನಾರ್ಕೊಲೆಪ್ಸಿ ಇದ್ದವರಿಗೆ. ಅಂದರೆ ಊಟ ಮಾಡುತ್ತ, ಮಾತಾಡುತ್ತ ಇದ್ದಾಗಲೇ ತಡೆಯಲಾಗದ ನಿದ್ದೆಗೆ ಜಾರುವ ಕಾಯಿಲೆಯವರಿಗೆ. ಅಂಥವರಿಗೆ ಇದು ದೊಡ್ಡ ಆಸರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಾನು ಕೊಡುವುದಿಲ್ಲ. ಕೊಡುವವರು ಇದ್ದಾರೆ ಅನ್ನುವುದೂ ಗೊತ್ತು.

ಹೋದ ವರ್ಷ ಹಾಗೆ ಕೇಳಿದ ಒಬ್ಬ ಹುಡುಗನನ್ನು ಬೈದು ಕಳಿಸಿದ್ದೆ. ಅವನಿಗೆ ಬೇರೆ ಕಡೆ ಸಿಕ್ಕಿತು. ಪರೀಕ್ಷೆ ಮುಗಿದ ಮರುದಿನ ಸಂಜೆ ಮತ್ತೆ ನನ್ನ ಅಂಗಡಿಗೇ ಬಂದ. ತುಟಿ ಒಣಗಿತ್ತು, ಕೈ ನಡುಗುತ್ತಿತ್ತು. "ಎದಿ ಡಬಡಬ ಅಂತೈತ್ರಿ ಅಣ್ಣಾರ. ಮಲಗಿದ್ರೂ ನಿದ್ದಿ ಬರವಲ್ದು." ನಾಡಿ ಹಿಡಿದು ಎಣಿಸಿದೆ, ನಿಮಿಷಕ್ಕೆ 120 ದಾಟಿತ್ತು. ಮೂರು ರಾತ್ರಿ ಗುಳಿಗಿ, ಅದರ ಮೇಲೆ ಎನರ್ಜಿ ಡ್ರಿಂಕ್, ಊಟ ಸರಿಯಾಗಿಲ್ಲ. ಶಟರ್ ಅರ್ಧ ಎಳೆದು ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ.

ದಾರಿಯಲ್ಲಿ ಅವನು ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಪರೀಕ್ಷೆ ಬರೆಯುವಾಗ "ಭಾಳ ಚಲೋ" ಆಗುತ್ತಿದೆ ಅಂತಲೇ ಅನ್ನಿಸಿತ್ತಂತೆ. ರೂಮಿಗೆ ಬಂದು ಒಎಂಆರ್ (ಉತ್ತರದ ಸುತ್ತು ತುಂಬುವ ಹಾಳೆ) ನಕಲು ನೋಡಿದರೆ, ನಡುವೆ ಒಂದು ಪ್ರಶ್ನೆ ಬಿಟ್ಟು, ಅಲ್ಲಿಂದ ಮುಂದೆ ಎಲ್ಲ ಉತ್ತರವನ್ನೂ ಒಂದೊಂದು ಸಾಲು ಮೇಲೆ ತುಂಬಿದ್ದ. ಗುಳಿಗಿಯೇ ಇದಕ್ಕೆ ಕಾರಣ ಅಂತ ನಾನು ಹೇಳಲಾರೆ. ಮೂರು ರಾತ್ರಿ ನಿದ್ದೆಗೆಟ್ಟವರು ಯಾರಾದರೂ ತಪ್ಪುತ್ತಾರೆ. ಆದರೆ ನಿದ್ದೆ ತೂಗುತ್ತಿದ್ದರೆ ತನಗೆ ಎಚ್ಚರ ಸಾಲದು ಅಂತ ಅವನಿಗೆ ಗೊತ್ತಾಗುತ್ತಿತ್ತು, ಇನ್ನೊಮ್ಮೆ ತಿರುಗಿ ನೋಡುತ್ತಿದ್ದ. ಗುಳಿಗಿ ಆ ಅನುಮಾನವನ್ನೇ ಕಿತ್ತುಕೊಂಡಿತ್ತು. ನನಗೆ ಹೆಚ್ಚು ಭಯ ಇರುವುದು ಇದರದ್ದೇ.

ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಕೂಡುತ್ತ ಹೋಗುತ್ತದೆ. ಕಣ್ಣು ಎಳೆಯುವುದು ಹೆಚ್ಚಾಗಿ ಅದರಿಂದಲೇ. ಮಲಗಿದಾಗ ಅದು ಇಳಿಯುತ್ತದೆ. ಚಹಾ, ಕಾಫಿ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಮೊಡಾಫಿನಿಲ್ ಬೇರೆ ದಾರಿ ಹಿಡಿದು, ಮಿದುಳನ್ನು ಎಚ್ಚರವಾಗಿಡುವ ಡೋಪಮಿನ್ ಅನ್ನುವ ವಸ್ತುವನ್ನು ಹೆಚ್ಚಿಸುತ್ತದೆ. ಯಾವುದೂ ನಿದ್ದೆಯ ಬಾಕಿ ತೀರಿಸುವುದಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ರಾತ್ರಿಯಿಡೀ ಓದುವವರು ಕಳೆದುಕೊಳ್ಳುವುದು ಅದನ್ನೇ.

ಇನ್ನೊಂದು ಲೆಕ್ಕ. ಮೊಡಾಫಿನಿಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 12ರಿಂದ 15 ತಾಸು ಬೇಕು. ರಾತ್ರಿ ಹತ್ತಕ್ಕೆ ನುಂಗಿದ್ದು ಮರುದಿನ ಪರೀಕ್ಷೆಯ ಹಾಲ್‌ನಲ್ಲೂ ಜೊತೆಗೇ ಕೂತಿರುತ್ತದೆ. ಆ ರಾತ್ರಿ ಮತ್ತೊಂದು ನುಂಗಿದರೆ ಹಳೆಯದರ ಮೇಲೆ ಹೊಸದು. ಬಿಪಿ, ಎದೆಬಡಿತ ಏರಬಹುದು, ತಳಮಳ ಹತ್ತಬಹುದು. ಅಪರೂಪಕ್ಕೆ ಮೈಮೇಲೆ ಗುಳ್ಳೆ ಎದ್ದು ಬಾಯೊಳಗೆ ಹುಣ್ಣಾಗಿ, ಚರ್ಮ ಸುಲಿಯುವ ಪ್ರಾಣಾಂತಿಕ ಅಲರ್ಜಿಯೂ ಆದದ್ದುಂಟು. ಹೆಣ್ಣುಮಕ್ಕಳು ಕೇಳಬೇಕಾದ ಮಾತೊಂದಿದೆ: ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ಇದು ಕುಗ್ಗಿಸುತ್ತದೆ. ಪಿಜಿಯಲ್ಲಿ ಗೆಳತಿ ಕೊಟ್ಟ ಗುಳಿಗಿಯ ಜೊತೆ ಈ ಮಾತನ್ನು ಯಾರೂ ಹೇಳುವುದಿಲ್ಲ.

ನಿದ್ದೆ ಓಡಿಸುವ ಗುಳಿಗಿಗಳಲ್ಲಿ ಆಂಫೆಟಮಿನ್ ಜಾತಿಯವು ಇನ್ನೂ ಕಠೋರ, ಅವುಗಳ ಚಟ ಬಿಡಿಸುವುದು ಸುಲಭವಲ್ಲ. ಎರಡನೇ ಮಹಾಯುದ್ಧದ ಕಾಲದ ಜಪಾನಿನಲ್ಲಿ ಫಿಲೊಪಾನ್ ಹೆಸರಿನ, ಅದೇ ಜಾತಿಯ ಮೆಥಾಂಫೆಟಮಿನ್ ಗುಳಿಗೆಯನ್ನು ಸೈನಿಕರಿಗೆ, ಕಾರ್ಖಾನೆಯ ಕೆಲಸಗಾರರಿಗೆ ಕೊಟ್ಟರು. ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಪೇಟೆಗೆ ಬಂತು. ನಿದ್ದೆ ಓಡಿಸಿಕೊಳ್ಳಲು ಅಂತ ಜನ ಕೊಂಡರು, ಚಟಕ್ಕೆ ಬಿದ್ದರು. ಕೊನೆಗೆ 1951ರಲ್ಲಿ ಅದಕ್ಕೆಂದೇ ಕಾನೂನು ತರಬೇಕಾಯಿತು. ಜರ್ಮನಿಯಲ್ಲೂ ಹಾಗೇ. 1938ರಲ್ಲಿ ಪೇಟೆಗೆ ಬಂದ ಪೆರ್ವಿಟಿನ್ ಅನ್ನುವ ಮೆಥಾಂಫೆಟಮಿನ್ ಗುಳಿಗೆಯನ್ನು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1941ರಲ್ಲಿ ಅಫೀಮು ಕಾನೂನಿನ ಕೆಳಗೆ ತಂದರು.

ಈ ಹುಡುಗರು ಸೋಮಾರಿಗಳಲ್ಲ. ಊರಲ್ಲಿ ಅಪ್ಪ ಸಾಲ ಮಾಡಿ ಕೋಚಿಂಗ್ ಫೀ ಕಟ್ಟಿದ್ದಾನೆ. ವಯಸ್ಸಿನ ಮಿತಿ ಹತ್ತಿರ ಬರುತ್ತಿದೆ, ಪರೀಕ್ಷೆ ಮುಂದೆ ಹೋಗುತ್ತಲೇ ಇರುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ, ಇವರಿಗೆ ಬಾಗಿಲು ಹಾಕಿದ ರೂಮಿನಲ್ಲೂ ಇಲ್ಲ. ಅದಕ್ಕೇ ಅವತ್ತು ಬೈದು ಕಳಿಸಿದ್ದು ತಪ್ಪಾಯಿತು ಅಂತ ನನಗೆ ಈಗ ಅನ್ನಿಸುತ್ತದೆ. ಕೂರಿಸಿ ಮಾತಾಡಬೇಕಿತ್ತು. ನನ್ನ ಹಾಗೆ ಅಂಗಡಿ ನಡೆಸುವವರಿಗೂ ಕೈ ಮುಗಿದು ಕೇಳುತ್ತೇನೆ, ಚೀಟಿ ಇಲ್ಲದೆ ಕೊಡಬೇಡಿ.

ಈಗಾಗಲೇ ನುಂಗಿ, ಎದೆನೋವೋ ಡಬಡಬವೋ ಶುರುವಾಗಿದ್ದರೆ ತಡಮಾಡದೆ ದವಾಖಾನೆಗೆ ಹೋಗಿ, ಏನು ನುಂಗಿದ್ದೀರಿ ಅಂತ ಹೆಸರು ಹಿಡಿದು ಹೇಳಿ. ಅವತ್ತು ನಮ್ಮ ಹುಡುಗ ಮನೆಗೆ ಗೊತ್ತಾದೀತು ಅಂತ ಹೆದರಿ ಡಾಕ್ಟರ ಮುಂದೆ ಕಾಲು ತಾಸು ಬರೀ "ಚಹಾ ಕುಡದೇನ್ರಿ" ಅಂತಲೇ ಅಂದ. ಸ್ಟ್ರಿಪ್ ಅವನ ಅಂಗಿಯ ಕಿಸೆಯಲ್ಲೇ ಇತ್ತು.